ಅಪ್ಪಯ್ಯನ 16 ವರ್ಷ ಲೆಕ್ಕಕ್ಕೇ ಇಲ್ಲವಂತೆ: ಗ್ರಾಚ್ಯುಟಿ ಬಗ್ಗೆ ಗೊತ್ತಿರುವವರು ಹೇಳಿ

ತುಂಗಾ ದಡ
ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇದು ನಮ್ಮ ಮನೆಯ ವಿಷಯ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪಯ್ಯ ಶಿವಮೊಗ್ಗ ಹತ್ತಿರದ ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ಮಾಡುತ್ತಿದ್ದರು. ಸೇರಿದ್ದು 1999ರ ಜೂನ್ 1ಕ್ಕೆ. ನಿವೃತ್ತಿ 2024ರ ಮೇ 31ಕ್ಕೆ. ಸರಿಯಾಗಿ 25 ವರ್ಷ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಮನೆಗೆ ಬರುವಾಗ ರಾತ್ರಿ ಎಂಟು. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ಕುಲುಮೆ ಮುಂದೆ ನಿಂತು ಒಣಗಿಸಿಕೊಳ್ಳುತ್ತಿದ್ದೆ ಅಂತ ಹೇಳುತ್ತಿದ್ದರು. ಎಷ್ಟು ತೊಳೆದರೂ ಅವರ ಉಗುರಿನ ಸಂದಿಯ ಕಪ್ಪು ಹೋಗಿದ್ದು ನಾನು ನೋಡಿಲ್ಲ.

ಬಿಡುವಾಗ ಗ್ರಾಚ್ಯುಟಿ ಅಂತ, ಅಂದರೆ ಇಷ್ಟು ವರ್ಷದ ಸೇವೆಗೆ ಒಟ್ಟಿಗೆ ಕೊಡುವ ಹಣ ಅಂತ, ಕೊಟ್ಟಿದ್ದು 64,350 ರೂಪಾಯಿ. ಕೇಳಿದ್ದಕ್ಕೆ, 'ಮೊದಲ 16 ವರ್ಷ ನೀವು ದಿನಗೂಲಿ. 2015ರ ಜೂನ್‌ನಿಂದ ಪರ್ಮನೆಂಟ್. ಗ್ರಾಚ್ಯುಟಿ 9 ವರ್ಷಕ್ಕೆ ಮಾತ್ರ' ಅಂದರಂತೆ. ಎಲ್ಲ ಬಾಕಿ ಬಂದಿದೆ, ಇನ್ನೇನೂ ಕೇಳುವುದಿಲ್ಲ ಅಂತ ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ. ಅಪ್ಪಯ್ಯನಿಗೆ ಇಂಗ್ಲಿಷ್ ಬರುವುದಿಲ್ಲ.

ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎ ಸೇರಿ 14,300 ಇತ್ತು. ಈಗ ಒಂದೂವರೆ ವರ್ಷದ ಮೇಲಾಯಿತು. ಅಪ್ಪಯ್ಯ 'ಹೋಗಲಿ ಬಿಡು ಮಗಾ, ಅವರ ಅನ್ನ ತಿಂದಿದ್ದೇವೆ' ಅನ್ನುತ್ತಾರೆ. ನನಗೆ ಬಿಡಲು ಮನಸ್ಸಿಲ್ಲ. ಆ 16 ವರ್ಷ ಅವರು ಕೆಲಸ ಮಾಡಲಿಲ್ವಾ? ಸಹಿ ಹಾಕಿದ ಮೇಲೆ ಕೇಳಬಹುದಾ? ಇಷ್ಟು ತಡವಾದ ಮೇಲೆ ಯಾರಾದರೂ ಅರ್ಜಿ ತಗೊಳ್ತಾರಾ?

ಮಂಡಗದ್ದೆ
ಸೋಮವಾರ, ರಾತ್ರಿ 10.25

ತಂಗಿ, ಸಹಿ ಹಾಕಿದರು ಅಂತ ಹೆದರಬೇಡಿ. ನಾನು ಶಿವಮೊಗ್ಗದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ 30 ವರ್ಷ ಗುಮಾಸ್ತನಾಗಿದ್ದೆ. ಕಾರ್ಮಿಕರ ಕೇಸಿನ ಫೈಲು ಹೊತ್ತು ಹೊತ್ತು ಈ ಕಾನೂನು ಬಾಯಿಪಾಠ ಆಗಿದೆ.

ಮೊದಲು ಅವರ ಲೆಕ್ಕ ನೋಡೋಣ. 14,300ನ್ನು 30ರಿಂದ ಭಾಗಿಸಿ, 15ರಿಂದ ಗುಣಿಸಿ, 9 ವರ್ಷಕ್ಕೆ ಹಾಕಿದರೆ ಸರಿಯಾಗಿ 64,350 ಬರುತ್ತದೆ. ಅಂದರೆ ತಪ್ಪು ಒಂದಲ್ಲ, ಎರಡು. 30ರಿಂದ ಭಾಗಿಸುವ ಹಾಗೇ ಇಲ್ಲ, 26ರಿಂದ ಭಾಗಿಸಬೇಕು. ತಿಂಗಳಲ್ಲಿ ನಾಲ್ಕು ಭಾನುವಾರ ಕಳೆದರೆ ಉಳಿಯುವ ಕೆಲಸದ ದಿನ 26 ಅಲ್ವಾ? ದಿಗ್ವಿಜಯ ಉಲನ್ ಮಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ ಇದನ್ನು ಹೇಳಿ ಮುಗಿಸಿದೆ. ಆಮೇಲೆ 1987ರ ತಿದ್ದುಪಡಿಯಲ್ಲಿ 26 ಅನ್ನುವುದು 1972ರ ಗ್ರಾಚ್ಯುಟಿ ಕಾಯ್ದೆಯೊಳಗೇ ಬಂತು. ಇಷ್ಟು ವರ್ಷದ ಮೇಲೂ 30ರಿಂದ ಭಾಗಿಸುವವರು ಇದ್ದಾರೆ, ಏಕೆಂದರೆ ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ.

14,300 ಭಾಗ 26 ಅಂದರೆ ದಿನಕ್ಕೆ 550. 15 ದಿನಕ್ಕೆ 8,250. 25 ವರ್ಷಕ್ಕೆ 2,06,250 ರೂಪಾಯಿ. ಬಂದಿರುವುದನ್ನು ಕಳೆದರೆ ಇನ್ನೂ 1,41,900 ಬರಬೇಕು.

ಇನ್ನು ದಿನಗೂಲಿ ವಿಷಯ. 2018ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಛತ್ತೀಸ್‌ಗಢ ಸರ್ಕಾರದಲ್ಲಿ 22 ವರ್ಷ ದಿನಗೂಲಿಯಾಗಿ ದುಡಿದು, ಕೊನೆಯ 3 ವರ್ಷ ಮಾತ್ರ ಕಾಯಂ ಆಗಿದ್ದ ನೌಕರರೊಬ್ಬರ ಪ್ರಕರಣ ಅದು. ಸರ್ಕಾರದ ವಾದ ನಿಮ್ಮ ಅಪ್ಪಯ್ಯನಿಗೆ ಹೇಳಿದ್ದೇ: ಗ್ರಾಚ್ಯುಟಿಗೆ ಕನಿಷ್ಠ 5 ವರ್ಷ ಸೇವೆ ಬೇಕು, ಕಾಯಂ ಸೇವೆ ಅಷ್ಟೂ ಇಲ್ಲ, ಹಾಗಾಗಿ ಏನೂ ಇಲ್ಲ ಅಂತ. ಕೋರ್ಟ್ ಒಪ್ಪಲಿಲ್ಲ. 25 ವರ್ಷಕ್ಕೂ ಗ್ರಾಚ್ಯುಟಿ ಕೊಡಿ ಅಂತು. 1972ರ ಕಾಯ್ದೆ ಕೇಳುವುದು ನಿರಂತರ ಸೇವೆ ಇತ್ತಾ ಅಂತ. ಕಾಯಂ ಇದ್ದಿರಾ ಅಂತ ಕೇಳುವುದಿಲ್ಲ. ಮಧ್ಯೆ ಸೇವೆ ಕಡಿದು ಹೋಗಿದ್ದರೂ, ಆ ವರ್ಷ 240 ದಿನ ಕೆಲಸ ಆಗಿದ್ದರೆ ಅದು ಪೂರ್ತಿ ವರ್ಷ ಅಂತಲೇ ಲೆಕ್ಕ.

ಸಹಿ ವಿಷಯ. ಕಾಯ್ದೆಯ 14ನೇ ಕಲಂ ಪ್ರಕಾರ, ಯಾವ ಕರಾರು, ಯಾವ ಕಾಗದ ಇದ್ದರೂ ಈ ಕಾನೂನೇ ಮೇಲು. ಕಾನೂನಿಗಿಂತ ಜಾಸ್ತಿ ಕೊಡುವ ಕರಾರು ನಡೆಯುತ್ತದೆ. ಕಡಿಮೆ ಕೊಡುವ ಕರಾರು ನಡೆಯುವುದಿಲ್ಲ.

ಅಪ್ಪಯ್ಯನಿಗೆ ಒಂದು ಮಾತು ಹೇಳಿ. ಅನ್ನ ತಿಂದದ್ದು ನಿಜ. ಆದರೆ ಅದು ಅವರು ದುಡಿದ ಅನ್ನ. ಗ್ರಾಚ್ಯುಟಿಯೂ ಹಾಗೇ, ದುಡಿದದ್ದರಲ್ಲಿ ಕೊನೆಗೆ ಕೊಡುತ್ತೇವೆ ಅಂತ ಎತ್ತಿಟ್ಟ ಪಾಲು.

ತುಂಗಾ ದಡ
ಸೋಮವಾರ, ರಾತ್ರಿ 10.50

ಅಣ್ಣಾ, ಓದಿ ಕಣ್ಣಲ್ಲಿ ನೀರು ಬಂತು. ಅಪ್ಪಯ್ಯನಿಗೂ ಓದಿ ಹೇಳಿದೆ. ಅವರು ಸುಮ್ನೆ ಕೂತು ಕೇಳಿದರು. ಆಮೇಲೆ ಅಟ್ಟದ ಮೇಲಿನ ಟ್ರಂಕ್ ತೆಗೆದರು.

ಅದರಲ್ಲಿ ಇರುವುದು ಇಷ್ಟು. ಹಳೇ ಈಎಸ್‌ಐ ಕಾರ್ಡ್, 2001ರದ್ದು. 2003ರಿಂದ ಪಿಎಫ್ ಚೀಟಿಗಳು, ಎಲ್ಲ ವರ್ಷದ್ದೂ ಇಲ್ಲ. ಬಟವಾಡೆ ಕವರ್‌ಗಳು ಒಂದು ಕಟ್ಟು, ಕೆಲವನ್ನು ಗೆದ್ದಲು ತಿಂದಿದೆ. 2008ರಿಂದ 2010ರವರೆಗಿನ ಚೀಟಿಗಳ ಮೇಲೆ ಮಾತ್ರ ಬೇರೆ ಯಾರೋ ಕಂಟ್ರಾಕ್ಟರ್ ಹೆಸರಿದೆ. ಅಪ್ಪಯ್ಯ ಹೇಳುವ ಪ್ರಕಾರ ಆಗಲೂ ಅದೇ ಶೆಡ್, ಅದೇ ಕೆಲಸ, ಅದೇ ಸೂಪರ್‌ವೈಸರ್. 1999 ಮತ್ತು 2000ದ್ದು ಏನೂ ಇಲ್ಲ.

ಮಂಡಗದ್ದೆ
ಸೋಮವಾರ, ರಾತ್ರಿ 11.10

ಒಂದು ಕಾಗದವನ್ನೂ ಬಿಸಾಡಬೇಡಿ, ಗೆದ್ದಲು ತಿಂದದ್ದನ್ನೂ. ಎಲ್ಲದರ ಫೋಟೋ ತೆಗೆದಿಡಿ.

ಕಂಟ್ರಾಕ್ಟರ್ ಹೆಸರಿನ ವರ್ಷಗಳ ಬಗ್ಗೆ ಅವರು ಖಂಡಿತ ಜಗಳ ತೆಗೆಯುತ್ತಾರೆ. ಅದಕ್ಕೆ ಪಿಎಫ್ ಚೀಟಿ ನೋಡಿ. ಆ ಎರಡು ವರ್ಷವೂ ಖಾತೆ ನಂಬರಿನ ಮೊದಲಿರುವ ಕಂಪನಿ ಕೋಡ್ ಅದೇ ಇದೆಯಾ? ಅದೇ ಇದ್ದರೆ ಪಿಎಫ್ ಕಟ್ಟಿದ್ದು ಫೌಂಡ್ರಿಯೇ ಅಂತ ಆಯಿತು. ಆಗ ಇವರು ನಮ್ಮವರಲ್ಲ ಅನ್ನುವುದು ಕಷ್ಟ. ಕೋಡ್ ಬೇರೆ ಇದ್ದರೆ ಸ್ವಲ್ಪ ಎಳೆದಾಟ ಇದೆ. ಆಗ ಜೊತೆಗೆ ಕೆಲಸ ಮಾಡಿದವರ ಸಾಕ್ಷಿ ಬೇಕಾಗುತ್ತದೆ. ಈಗಲೇ ಇಬ್ಬರನ್ನು ಕೇಳಿಡಿ.

ತುಂಗಾ ದಡ
ಸೋಮವಾರ, ರಾತ್ರಿ 11.22

ಕೋಡ್ ಅದೇ ಇದೆ ಅಣ್ಣಾ! ಮೂರು ಸಲ ನೋಡಿದೆ.

ಬಾಳೆಹೊನ್ನೂರು ತೋಟ
ಮಂಗಳವಾರ, ಬೆಳಿಗ್ಗೆ 7.15

ನಾನು ಮಾಲೀಕರ ಕಡೆಯವನು. ಕಾಫಿ ತೋಟ 22 ಎಕರೆ, ಕಾಯಂ ಆಳು 17 ಜನ. ನನ್ನ ಮಾತನ್ನೂ ಕೇಳಿ.

ಆ ತಂಗಿಯ ಅಪ್ಪನಿಗೆ ಆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಂಥ ಸಣ್ಣವರ ಕಷ್ಟವೂ ಇದೆ. ಒಂದೇ ವರ್ಷ ಮೂರು ಜನ ನಿವೃತ್ತಿ ಆದರೆ ಐದಾರು ಲಕ್ಷ ಒಟ್ಟಿಗೆ ಹೊಂದಿಸಬೇಕು. ಆ ವರ್ಷವೇ ಅತಿ ಮಳೆಗೆ ಕಾಯಿ ಉದುರಿದರೆ ಎಲ್ಲಿಂದ ತರುವುದು? ನಮ್ಮ ತಂದೆಯ ಕಾಲದಲ್ಲಿ ಇದನ್ನು ಯಾರೂ ಯೋಚಿಸಿರಲಿಲ್ಲ. ಆಳು ಬಿಟ್ಟು ಹೋಗುವಾಗ ಕೈಗೆ ಏನೋ ಕೊಟ್ಟು, ಪಂಚೆ ಸೀರೆ ಕೊಟ್ಟು ಕಳಿಸುತ್ತಿದ್ದರು. ಅದೇ ಧರ್ಮ ಅಂತ ನಾವೂ ತಿಳಿದಿದ್ದೆವು.

ಐದು ಹೆಕ್ಟೇರ್, ಅಂದರೆ ಸುಮಾರು ಹನ್ನೆರಡೂವರೆ ಎಕರೆ ತೋಟ ಮತ್ತು 15 ಆಳು ಇದ್ದರೆ 2025ರ ನವೆಂಬರ್‌ವರೆಗೆ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬರುತ್ತಿತ್ತು. ಅದರ ಹಿಂದೆಯೇ ಗ್ರಾಚ್ಯುಟಿ ಕಾಯ್ದೆಯೂ ಬರುತ್ತಿತ್ತು. ಇದು ನನಗೆ ತಿಳಿದದ್ದು ನನ್ನ ಮೇಲೆ ಒಂದು ಅರ್ಜಿ ಬಿದ್ದ ಮೇಲೆ. ಕೊಟ್ಟೆ, ಬಡ್ಡಿ ಸಮೇತ ಕೊಟ್ಟೆ. ಆಮೇಲೆ ವಿಮಾ ಕಂಪನಿಯಲ್ಲಿ ಗ್ರೂಪ್ ಗ್ರಾಚ್ಯುಟಿ ಮಾಡಿಸಿದೆ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಟ್ಟಿದರೆ ಭಾರ ಗೊತ್ತಾಗುವುದಿಲ್ಲ. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಗ್ರಾಚ್ಯುಟಿ ವಿಮೆ ಕಡ್ಡಾಯ ಅಂತ ನಿಯಮ ತಂದಿದೆ. ಪಕ್ಕದ ತೋಟದವರಿಗೆ ಹೇಳಿದರೆ 'ನೋಡೋಣ' ಅನ್ನುತ್ತಾರೆ. ನೋಡೋಣ ಅನ್ನುವಷ್ಟರಲ್ಲಿ ಹತ್ತು ವರ್ಷ ಕಳೆದಿರುತ್ತದೆ ಮಾರಾಯ್ರೇ.

ಕೊಪ್ಪದ ರೈಟರ್
ಮಂಗಳವಾರ, ಬೆಳಿಗ್ಗೆ 8.30

ತೋಟದ ಯಜಮಾನರು ಹೀಗೆ ಒಪ್ಪಿಕೊಂಡು ಬರೆದದ್ದು ಸಂತೋಷ. ನಾನು ಎಸ್ಟೇಟಿನಲ್ಲಿ 28 ವರ್ಷ ರೈಟರ್ ಆಗಿದ್ದವನು. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆದ ಕೈ ಇದು.

ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ, ಇಲ್ಲಿ ಹೇಳಿಬಿಡುತ್ತೇನೆ. ನಾನಿದ್ದ ಕಡೆ ಕೆಲವು ಆಳುಗಳ ಹೆಸರನ್ನು ಪ್ರತಿ ವರ್ಷ ಎರಡು ತಿಂಗಳು ಚೆಕ್‌ರೋಲಿನಿಂದ ತೆಗೆದು, ಮತ್ತೆ ಹೊಸಬರ ಹಾಗೆ ಸೇರಿಸಲು ಹೇಳುತ್ತಿದ್ದರು. ಸೇವೆ ಕಡಿಯಲಿ ಅಂತ. ಆ ಎರಡು ತಿಂಗಳೂ ಅವರು ತೋಟದಲ್ಲೇ ಇರುತ್ತಿದ್ದರು. ಕೂಲಿಯನ್ನು ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದೆವು. ನಾನೂ ಬರೆದೆ. ಆಗ ಅದರ ಅರ್ಥ ಪೂರ್ತಿ ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಕೆಲವು ವರ್ಷ ಬಾಯಿ ಬಿಡಲಿಲ್ಲ. ನಿವೃತ್ತಿ ಆದ ಮೇಲೆ ಇಬ್ಬರು ಹೆಣ್ಣಾಳುಗಳ ಪರವಾಗಿ ಹೋಗಿ ಸಾಕ್ಷಿ ಹೇಳಿ ಬಂದೆ. ಹತ್ತು ತಿಂಗಳ ಹಾಜರಿ ಇದ್ದರೂ ಅದರಲ್ಲೇ 240 ದಿನ ದಾಟಿತ್ತು. ಇಬ್ಬರಿಗೂ ಹಣ ಬಂತು.

ಹಾಗಾಗಿ ಮಂಡಗದ್ದೆಯವರು ಹೇಳಿದ 240 ದಿನದ ಮಾತನ್ನು ತೋಟದ ಆಳುಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮಧ್ಯೆ ಹೆಸರು ತೆಗೆದರೂ ಹೆದರಬೇಕಿಲ್ಲ.

ಪಿಎಫ್ ವಿಷಯಕ್ಕೆ ನಮ್ಮ ಕಾಫಿ ಸೀಮೆಯದ್ದೇ ಒಂದು ಪ್ರಕರಣ ಇದೆ. ಕೊಡಗಿನ ಗೋಣಿಕೊಪ್ಪಲಿನ ತೋಟಗಾರಿಕಾ ಪ್ರಯೋಗ ಕೇಂದ್ರದ್ದು. ಸುಪ್ರೀಂ ಕೋರ್ಟ್ ತೀರ್ಪು 2022ರ ಫೆಬ್ರವರಿ 23ರದ್ದು. ಪಿಎಫ್ ಕಟ್ಟದೆ ಉಳಿಸಿಕೊಂಡರೆ ಪಿಎಫ್ ಕಾಯ್ದೆಯ 14ಬಿ ಕಲಂ ಪ್ರಕಾರ ದಂಡ ಬೀಳುತ್ತದೆ. 'ನಾವು ಬೇಕಂತ ಮಾಡಲಿಲ್ಲ, ನಮ್ಮಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ' ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಕಟ್ಟಬೇಕಿತ್ತು, ಕಟ್ಟಲಿಲ್ಲ, ಅಷ್ಟೇ ಸಾಕು.

ಸಾಗರದ ಟೀಚರ್
ಮಂಗಳವಾರ, ಮಧ್ಯಾಹ್ನ 1.05

ನಾನು ಖಾಸಗಿ ಶಾಲೆಯೊಂದರಲ್ಲಿ 14 ವರ್ಷ ಪಾಠ ಮಾಡಿ 2015ರಲ್ಲಿ ಬಿಟ್ಟೆ. ಅನುದಾನ ಇಲ್ಲದ ಶಾಲೆ. ಗ್ರಾಚ್ಯುಟಿ ಕೇಳಿದಾಗ, 'ಇದು ಟ್ರಸ್ಟ್, ವ್ಯಾಪಾರ ಅಲ್ಲ. ಟೀಚರ್‌ಗಳಿಗೆ ಆ ಕಾನೂನು ಇಲ್ಲ' ಅಂದರು. ನಾನೂ ನಂಬಿದೆ. ಈಗಲೂ ಹಾಗೇನಾ?

ಮಂಡಗದ್ದೆ
ಮಂಗಳವಾರ, ಮಧ್ಯಾಹ್ನ 2.20

ಟೀಚರ್ ಅವರೇ, ಅವರು ಹೇಳಿದ್ದು ಒಂದು ಕಾಲಕ್ಕೆ ನಿಜವಾಗಿತ್ತು. 2004ರಲ್ಲಿ ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿತ್ತು. ಕಾಯ್ದೆಯಲ್ಲಿ 'ನೌಕರ' ಅನ್ನುವ ಪದಕ್ಕೆ ಇದ್ದ ವಿವರಣೆಯೊಳಗೆ ಶಿಕ್ಷಕರು ಬರುವುದಿಲ್ಲ ಅಂತ.

ಆಮೇಲೆ 2009ರಲ್ಲಿ ಸಂಸತ್ತು ಆ ವಿವರಣೆಯನ್ನೇ ಬದಲಾಯಿಸಿತು. ಅದೂ ಹಿಂದಿನಿಂದ, 1997ರ ಏಪ್ರಿಲ್ 3ರಿಂದಲೇ ಜಾರಿ ಅಂತ. ಖಾಸಗಿ ಶಾಲೆಗಳ ಒಕ್ಕೂಟದವರು ಅದನ್ನು ಪ್ರಶ್ನಿಸಿದರು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಆರು ವಾರದೊಳಗೆ ಬಡ್ಡಿ ಸಮೇತ ಕೊಡಿ ಅಂತ ಶಾಲೆಗಳಿಗೆ ಹೇಳಿತು. ನೀವು 2001ರಿಂದ 2015ರವರೆಗೆ ಇದ್ದಿರಿ ಅಲ್ವಾ? ನಿಮ್ಮ 14 ವರ್ಷವೂ ಅದರೊಳಗೇ ಬರುತ್ತದೆ.

ತಡ ಆಗಿದೆ, ಹೌದು. ಅರ್ಜಿಯಲ್ಲಿ ಯಾಕೆ ತಡ ಆಯಿತು ಅಂತ ನಿಜ ಬರೆಯಿರಿ. ಹಕ್ಕಿಲ್ಲ ಅಂತ ಶಾಲೆಯವರೇ ಹೇಳಿದರು, ನಂಬಿದೆ ಅಂತ.

ಹೊಸನಗರದ ಅಕ್ಕ
ಮಂಗಳವಾರ, ಸಂಜೆ 6.40

ನಾನು ಅಂಗನವಾಡಿ ಸಹಾಯಕಿ. ನಮಗೆ ಕೊಡುವುದು ಸಂಬಳ ಅಲ್ಲ, ಗೌರವಧನ ಅಂತ ಮೊದಲಿನಿಂದ ಹೇಳುತ್ತಾ ಬಂದಿದ್ದಾರೆ. ಸಂಘದ ಸಭೆಯಲ್ಲಿ ಕೇಳಿದ ವಿಷಯ ಇಲ್ಲಿ ಹಂಚಿಕೊಳ್ಳುತ್ತೇನೆ. ಗುಜರಾತಿನ ಕಾರ್ಯಕರ್ತೆಯರು, ಸಹಾಯಕಿಯರು ಸುಪ್ರೀಂ ಕೋರ್ಟಿನವರೆಗೂ ಹೋಗಿ, 2022ರ ಏಪ್ರಿಲ್ 25ರಂದು ಗೆದ್ದಿದ್ದಾರೆ. ಹೆಸರು ಗೌರವಧನ ಅಂತ ಇದ್ದರೂ ಅದು ವೇತನವೇ, ಗ್ರಾಚ್ಯುಟಿ ಕಾಯ್ದೆ ಇವರಿಗೂ ಅನ್ವಯ ಅಂತ ತೀರ್ಪು. ಬೆಳಿಗ್ಗೆ ಮಕ್ಕಳನ್ನು ಮನೆಯಿಂದ ಕರೆತರುವುದರಿಂದ ಹಿಡಿದು ಮನೆ ಮನೆ ಸರ್ವೇವರೆಗೆ ಮಾಡುವ ಕೆಲಸಕ್ಕೆ ಒಂದು ಹೆಸರು ಸಿಕ್ಕ ಹಾಗೆ ಆಯಿತು ನನಗೆ.

ತುಂಗಾ ದಡದ ತಂಗಿ, ನಿನ್ನ ಅಪ್ಪಯ್ಯನಿಗೆ ನನ್ನ ನಮಸ್ಕಾರ ಹೇಳು. ಅರ್ಜಿ ಹಾಕುವುದನ್ನು ಬಿಡಬೇಡ.

ತೀರ್ಥಹಳ್ಳಿ ಬಸ್ ಸ್ಟ್ಯಾಂಡ್
ಮಂಗಳವಾರ, ರಾತ್ರಿ 8.15

ನಮ್ಮ ಭಾವನ ವಿಷಯ ಕೇಳಬೇಕಿತ್ತು. ಒಂದು ಖಾಸಗಿ ಬಸ್ಸಿನವರಲ್ಲಿ 19 ವರ್ಷ ಕಂಡಕ್ಟರ್. ಟಿಕೆಟ್ ಹಣ 1,800 ರೂಪಾಯಿ ಕಡಿಮೆ ಬಂತು ಅಂತ ತೆಗೆದು ಹಾಕಿದರು. ಗ್ರಾಚ್ಯುಟಿಯೂ ಇಲ್ಲ, ಕಳ್ಳತನ ಮಾಡಿದವರಿಗೆ ಏನೂ ಕೊಡಬೇಕಿಲ್ಲ ಅಂದರು. ಪೊಲೀಸ್ ಕೇಸ್ ಆಗಿಲ್ಲ. ವಿಚಾರಣೆ ಅಂತ ಒಂದು ದಿನ ಕರೆದು ಏನೋ ಬರೆಸಿಕೊಂಡರು. ಕೋರ್ಟಿನಲ್ಲಿ ಶಿಕ್ಷೆ ಆಗದೆ ಗ್ರಾಚ್ಯುಟಿ ತಡೆಯುವ ಹಾಗಿಲ್ಲ ಅಂತ ಯಾರೋ ಹೇಳಿದರು. ನಿಜವಾ?

ಮಂಡಗದ್ದೆ
ಮಂಗಳವಾರ, ರಾತ್ರಿ 9.30

ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳಬೇಕು, ಏಕೆಂದರೆ ಕಾನೂನು ಇತ್ತೀಚೆಗೆ ತಿರುಗಿದೆ.

2018ರಲ್ಲಿ ಯೂನಿಯನ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಮಗೆ ಯಾರೋ ಹೇಳಿದ ಹಾಗೇ ಹೇಳಿತ್ತು. ನೈತಿಕ ಅಧಃಪತನದ ಅಪರಾಧ ಅಂತ ಗ್ರಾಚ್ಯುಟಿ ಮುಟ್ಟುಗೋಲು ಹಾಕಬೇಕಾದರೆ ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆ ಆಗಿರಬೇಕು ಅಂತ. ಆದರೆ 2025ರ ಫೆಬ್ರವರಿ 17ರಂದು ವೆಸ್ಟರ್ನ್ ಕೋಲ್ ಫೀಲ್ಡ್ಸ್ ಪ್ರಕರಣದಲ್ಲಿ ಅದೇ ಕೋರ್ಟ್, ಶಿಕ್ಷೆ ಆಗಿರಬೇಕಿಲ್ಲ, ಇಲಾಖಾ ವಿಚಾರಣೆಯಲ್ಲಿ ಸಾಬೀತಾದರೆ ಸಾಕು ಅಂತು. ಹಾಗಾಗಿ ಹಳೇ ತೀರ್ಪನ್ನು ನೆಚ್ಚಿಕೊಂಡು ಹೋದರೆ ಭಾವನಿಗೆ ನಿರಾಸೆ ಆಗಬಹುದು.

ಆದರೆ ಅದೇ ತೀರ್ಪಿನಲ್ಲಿ ನಿಮಗೆ ಆಗಿಬರುವ ಒಂದು ಭಾಗ ಇದೆ. ಅದರಲ್ಲಿ ಮಹಾರಾಷ್ಟ್ರದ ಸಾರಿಗೆ ಸಂಸ್ಥೆಯ ಕಂಡಕ್ಟರ್‌ಗಳೂ ಇದ್ದರು, ಟಿಕೆಟ್ ಹಣದ ಆರೋಪದವರೇ. ಮೊತ್ತ ಸಣ್ಣದು ಅಂತ ನೋಡಿ, ಗ್ರಾಚ್ಯುಟಿಯ ಕಾಲು ಭಾಗ ಮಾತ್ರ ಹಿಡಿಯಿರಿ, ಉಳಿದದ್ದು ಕೊಡಿ ಅಂತ ಕೋರ್ಟ್ ಹೇಳಿತು. 1,800 ರೂಪಾಯಿಗೆ 19 ವರ್ಷದ ದುಡಿಮೆ ಪೂರ್ತಿ ಕಿತ್ತುಕೊಳ್ಳುವುದನ್ನು ಪ್ರಶ್ನಿಸಲು ಇದು ಸಾಕು.

ಇನ್ನೊಂದು, ಗ್ರಾಚ್ಯುಟಿ ಯಾಕೆ ಹಿಡಿಯಬಾರದು ಅಂತ ಅವರು ಭಾವನಿಗೆ ಬೇರೆ ನೋಟಿಸ್ ಕೊಟ್ಟಿದ್ದರಾ? ಆದೇಶ ಮಾಡಿದ್ದರಾ? ಕೆಲಸದಿಂದ ತೆಗೆದ ಮಾತ್ರಕ್ಕೆ ಗ್ರಾಚ್ಯುಟಿ ತಾನಾಗಿ ಹೋಗುವುದಿಲ್ಲ. ಕಾಗದ ಎಲ್ಲ ಒಟ್ಟುಮಾಡಿ ವಕೀಲರಿಗೆ ತೋರಿಸಿ. ತೆಗೆದು ಹಾಕಿದ್ದೇ ತಪ್ಪು ಅನ್ನುವುದಾದರೆ ಅದಕ್ಕೆ ಬೇರೆ ದಾರಿ, ಬೇರೆ ಗಡುವು ಇದೆ. ಅದನ್ನು ಮೊದಲು ವಿಚಾರಿಸಿ, ದಿನ ಕಳೆಯಬೇಡಿ.

ಭದ್ರಾವತಿ ಹಿರಿಯ
ಬುಧವಾರ, ಬೆಳಿಗ್ಗೆ 6.50

ಎಲ್ಲರೂ ಗ್ರಾಚ್ಯುಟಿ ಮಾತಾಡುತ್ತಿದ್ದೀರಿ. ನನ್ನದು ಪಿಂಚಣಿ. ಕಾರ್ಖಾನೆಯಲ್ಲಿ ದುಡಿದು 2013ರ ನವೆಂಬರ್‌ನಲ್ಲಿ ನಿವೃತ್ತಿ ಆದೆ. ತಿಂಗಳಿಗೆ 1,740 ರೂಪಾಯಿ ಬರುತ್ತದೆ. ನಾನು ಮತ್ತು ಮನೆಯವಳು, ಇಬ್ಬರಿಗೂ ಬಿಪಿ. ಮಾತ್ರೆಗೇ ಅದಕ್ಕಿಂತ ಜಾಸ್ತಿ ಆಗುತ್ತದೆ. ಹೈಯರ್ ಪೆನ್ಷನ್ ಸುಪ್ರೀಂ ಕೋರ್ಟಿನಲ್ಲಿ ಆಗಿದೆ, ಅರ್ಜಿ ಹಾಕಿದರೆ ಹತ್ತು ಸಾವಿರ ಬರುತ್ತದೆ ಅಂತ ಒಬ್ಬರು 3,000 ಕೇಳುತ್ತಿದ್ದಾರೆ. ಕೊಡಲಾ?

ಶರಾವತಿ ಕಣಿವೆ
ಬುಧವಾರ, ಬೆಳಿಗ್ಗೆ 9.10

ಕೊಡಬೇಡಿ ಅಜ್ಜಾ, ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಬೆಂಗಳೂರಿನಲ್ಲಿ ಸಂಬಳ ಮತ್ತು ಪಿಎಫ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಊರು ಹೊಸನಗರ ಕಡೆ.

ಕೇಳಿದರೆ ಬೇಜಾರಾಗುತ್ತದೆ, ಆದರೂ ಹೇಳಬೇಕು. 2022ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದಿದೆ. 2014ರ ಸೆಪ್ಟೆಂಬರ್ 1ಕ್ಕೆ ಕೆಲಸದಲ್ಲಿದ್ದವರಿಗೆ, ಪೂರ್ತಿ ಸಂಬಳದ ಮೇಲೆ ಪಿಂಚಣಿ ಬೇಕು ಅಂತ ಮಾಲೀಕರ ಜೊತೆ ಸೇರಿ ಬರೆದುಕೊಡಲು ಇನ್ನೊಂದು ಅವಕಾಶ ಕೊಟ್ಟಿತು. ಆ ದಿನಕ್ಕಿಂತ ಮೊದಲೇ, ಹಾಗೆ ಬರೆದುಕೊಡದೆ ನಿವೃತ್ತಿ ಆದವರಿಗೆ ಆ ಅವಕಾಶ ಇಲ್ಲ ಅಂತು. ನೀವು ಹತ್ತು ತಿಂಗಳು ಮೊದಲು ನಿವೃತ್ತಿ ಆಗಿದ್ದೀರಿ. ಅವಕಾಶ ಇದ್ದವರಿಗೂ ಅರ್ಜಿಯ ಗಡುವು 2023ರ ಜುಲೈ 11ಕ್ಕೆ ಮುಗಿದಿದೆ. ಈಗ ಹಣ ಕೇಳುವವರು ಮೋಸ ಮಾಡುತ್ತಿದ್ದಾರೆ.

ಒಂದೇ ಒಂದು ಪ್ರಶ್ನೆ. ಕೆಲಸದಲ್ಲಿದ್ದಾಗ, 'ಪಿಂಚಣಿಗೂ ಪೂರ್ತಿ ಸಂಬಳದ ಮೇಲೆ ಕಟ್ಟಿ' ಅಂತ ನೀವು ಮತ್ತು ಕಂಪನಿ ಸೇರಿ ಬರೆದುಕೊಟ್ಟ ಕಾಗದ ಇದೆಯಾ? ಇದ್ದರೆ ಮಾತ್ರ ನಿಮ್ಮದು ಬೇರೆ ಗುಂಪು.

ನಿಮ್ಮ 1,740 ಹೇಗೆ ಬಂತು ಅಂತಲೂ ಹೇಳುತ್ತೇನೆ. ಪಿಂಚಣಿ ಯೋಜನೆ ಶುರುವಾದದ್ದು 1995ರ ನವೆಂಬರ್ 16ಕ್ಕೆ. ನೀವು ಬಿಡುವ ಕಾಲಕ್ಕೆ ಪಿಂಚಣಿ ಲೆಕ್ಕದ ಸಂಬಳದ ಮಿತಿ 6,500 ಇತ್ತು. ನಿಮಗೆ ಎಷ್ಟೇ ಸಂಬಳ ಇದ್ದರೂ ಅಷ್ಟೇ ಹಿಡಿಯುತ್ತಾರೆ. 6,500ನ್ನು 18 ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ 1,671. ಹಳೇ ಕುಟುಂಬ ಪಿಂಚಣಿ ಕಾಲದ ವರ್ಷಗಳಿಗೆ ಚೂರು ಸೇರಿದೆ. ಮಿತಿಯನ್ನು 2014ರ ಸೆಪ್ಟೆಂಬರ್‌ನಲ್ಲಿ 15,000ಕ್ಕೆ ಏರಿಸಿದರು. ಕನಿಷ್ಠ ಪಿಂಚಣಿ 1,000 ಅಂತ ಮಾಡಿದ್ದೂ ಆಗಲೇ.

ಭದ್ರಾವತಿ ಹಿರಿಯ
ಬುಧವಾರ, ಬೆಳಿಗ್ಗೆ 10.00

ಅಂಥ ಕಾಗದ ನಾವು ಯಾರೂ ಬರೆದುಕೊಡಲಿಲ್ಲ. ಹಾಗೆ ಬರೆಯಬಹುದು ಅಂತಲೇ ನಮಗೆ ಯಾರೂ ಹೇಳಲಿಲ್ಲ ಮಗಳೇ. 3,000 ಉಳಿಸಿದೆ. ಇಬ್ಬರ ಒಂದು ತಿಂಗಳ ಮಾತ್ರೆಗೆ ಆಯಿತು.

ಕೊಪ್ಪದ ರೈಟರ್
ಬುಧವಾರ, ಬೆಳಿಗ್ಗೆ 10.40

ಅಜ್ಜನ ಮಾತು ಓದಿ ತುಂಬಾ ನೋವಾಯಿತು. ಪಿಂಚಣಿ ಭಿಕ್ಷೆಯಲ್ಲ, ದುಡಿದವರ ಹಕ್ಕು ಅಂತ ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಹೇಳಿತು. ಆ ದಿನವನ್ನೇ ಈಗಲೂ ಪಿಂಚಣಿದಾರರ ದಿನ ಅಂತ ಆಚರಿಸುತ್ತಾರೆ. ಒಂದು ತಾರೀಕಿನ ಆಚೆ ಈಚೆ ಅಂತ ನಿವೃತ್ತರನ್ನು ಎರಡು ಮಾಡಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಡುವುದು ಸರಿಯಲ್ಲ ಅಂತಲೇ ಆ ತೀರ್ಪು ಇದ್ದದ್ದು. ಅದು ಸರ್ಕಾರಿ ಪಿಂಚಣಿ, ಇದು ಪಿಎಫ್ ನಿಧಿಯ ಪಿಂಚಣಿ, ಎರಡಕ್ಕೂ ಕಾನೂನು ಬೇರೆ, ಗೊತ್ತು. ಆದರೆ ಕುಲುಮೆ ಮುಂದೆ ನಿಂತವನಿಗೆ ಹತ್ತು ತಿಂಗಳಿನ ಗೆರೆ ಯಾಕೆ ಅನ್ನುವ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಇದಕ್ಕೆ ಈಗ ಉತ್ತರ ಕೊಡಬೇಕಾದವರು ಸಂಸತ್ತಿನವರು. ಕನಿಷ್ಠ ಪಿಂಚಣಿ 1,000ದಲ್ಲೇ ಇಷ್ಟು ವರ್ಷ ನಿಂತಿದೆ. ನಮ್ಮ ಸಂಸದರಿಗೆ ಎಲ್ಲರೂ ಸೇರಿ ಪತ್ರ ಬರೆಯೋಣವಾ? ನಾನು ಕರಡು ಮಾಡುತ್ತೇನೆ.

ಶರಾವತಿ ಕಣಿವೆ
ಬುಧವಾರ, ಬೆಳಿಗ್ಗೆ 11.15

ಖಂಡಿತ ಮಾಡಿ, ನಾನೂ ಸಹಿ ಹಾಕುತ್ತೇನೆ.

ಈಗ ಕೆಲಸದಲ್ಲಿರುವ ಹುಡುಗರಿಗೆ ಒಂದು ಮಾತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇಂತಿಷ್ಟು ವರ್ಷ ಅಂತ ಅವಧಿಗೆ ತೆಗೆದುಕೊಂಡ ನೌಕರರಿಗೆ ಒಂದು ವರ್ಷ ಆದರೂ ಗ್ರಾಚ್ಯುಟಿ ಇದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಜಾಸ್ತಿ ಇದ್ದಷ್ಟನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಮೂಲ ವೇತನ ಕಡಿಮೆ ತೋರಿಸಿ, ಉಳಿದದ್ದನ್ನು ಆ ಭತ್ಯೆ ಈ ಭತ್ಯೆ ಅಂತ ಹಂಚುವುದಕ್ಕೆ ಇದರಿಂದ ಕಡಿವಾಣ ಬೀಳುತ್ತದೆ. ಪಿಎಫ್ ಮಟ್ಟಿಗೆ ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 28ರಂದು ವಿವೇಕಾನಂದ ವಿದ್ಯಾಮಂದಿರ ಪ್ರಕರಣದಲ್ಲೇ ಹೇಳಿತ್ತು, ಎಲ್ಲರಿಗೂ ಒಂದೇ ಸಮ ಕೊಡುವ ಭತ್ಯೆ ಮೂಲ ವೇತನದ ಭಾಗವೇ ಅಂತ.

ತುಂಗಾ ದಡದವರೇ, ನಿಮ್ಮ ಅಪ್ಪಯ್ಯ 2024ರಲ್ಲೇ ನಿವೃತ್ತಿ ಆದ ಕಾರಣ ನಿಮ್ಮ ಲೆಕ್ಕ 1972ರ ಕಾಯ್ದೆಯದ್ದೇ. ಗೊಂದಲ ಬೇಡ.

ಮಂಡಗದ್ದೆ
ಬುಧವಾರ, ಸಂಜೆ 5.30

ಹೌದು. ತಂಗಿ, ಇನ್ನು ಕೆಲಸದ ಮಾತಿಗೆ ಬರೋಣ.

ಮೊದಲು ಫೌಂಡ್ರಿಗೆ ಫಾರಂ ಐನಲ್ಲಿ ಅರ್ಜಿ. ಸೇರಿದ ದಿನ, ಬಿಟ್ಟ ದಿನ, ಕೊನೆಯ ವೇತನ, ಒಟ್ಟು ಬರಬೇಕಾದದ್ದು, ಬಂದದ್ದು, ಬಾಕಿ. ಜೊತೆಗೆ ಬಡ್ಡಿ. ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಅವರು ಕೊಡಬೇಕಿತ್ತು. ಕೊಡದಿದ್ದರೆ ವರ್ಷಕ್ಕೆ ಶೇ 10 ಸರಳ ಬಡ್ಡಿ. ನಿಮ್ಮ ಬಾಕಿಗೆ ವರ್ಷಕ್ಕೆ 14,190 ರೂಪಾಯಿ ಆಗುತ್ತದೆ. ಬಡ್ಡಿಯನ್ನು ಕೇಳಲು ಸಂಕೋಚ ಬೇಡ. ಇದಕ್ಕೆ ನಮ್ಮ ರಾಜ್ಯದ್ದೇ ಪ್ರಕರಣ ಇದೆ. ಕರ್ನಾಟಕ ಆಗ್ರೋ ಇಂಡಸ್ಟ್ರೀಸ್ ಕಾರ್ಪೊರೇಶನ್ನಿನ ನೌಕರರೊಬ್ಬರಿಗೆ ಗ್ರಾಚ್ಯುಟಿ ತಡವಾಗಿ ಬಂತು. ಬಡ್ಡಿಗಾಗಿ ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2003ರಲ್ಲಿ ತೀರ್ಪು. ತಪ್ಪು ನೌಕರನದ್ದಾಗಿದ್ದು, ಅದಕ್ಕೆ ಅಧಿಕಾರಿಯ ಲಿಖಿತ ಒಪ್ಪಿಗೆ ಪಡೆದಿದ್ದರೆ ಮಾತ್ರ ಬಡ್ಡಿ ಇಲ್ಲ. ಬೇರೆ ಎಲ್ಲ ಸಂದರ್ಭದಲ್ಲಿ ಕೊಡಲೇಬೇಕು.

ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ಸ್ವೀಕೃತಿ ಬರುವ ಹಾಗೆ ಕಳಿಸಿ. ಕೈಗೆ ಕೊಟ್ಟರೆ ಸೀಲು ಹಾಕಿಸಿಕೊಳ್ಳಿ. ಅವರು ಕೊಡುವುದಿಲ್ಲ ಅಂದರೆ, ಅಥವಾ ಮಾತೇ ಆಡದಿದ್ದರೆ, ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಫಾರಂ ಎನ್. ತಡ ಆದದ್ದಕ್ಕೆ ಕಾರಣ ಬರೆದು ಮನ್ನಿಸಿ ಅಂತ ಕೇಳಿ. ತಡ ಆಯಿತು ಅನ್ನುವ ಒಂದೇ ಕಾರಣಕ್ಕೆ ಹಕ್ಕು ಸಾಯುವುದಿಲ್ಲ. ನೌಕರ ಅರ್ಜಿ ಹಾಕಲಿ ಬಿಡಲಿ, ಲೆಕ್ಕ ಹಾಕಿ ತಿಳಿಸುವುದು ಮಾಲೀಕರ ಕೆಲಸ ಅಂತ 7ನೇ ಕಲಂನಲ್ಲೇ ಇದೆ. ವಕೀಲರು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಅಲ್ಲಿಂದ ಬರುವ ಕನ್ನಡ ನೋಟಿಸಿನಲ್ಲಿ 'ಉಪದಾನ' ಅಂತ ಬರೆದಿದ್ದರೆ ಗಾಬರಿ ಆಗಬೇಡಿ, ಗ್ರಾಚ್ಯುಟಿಗೇ ಆ ಹೆಸರು.

ಆದೇಶ ನಿಮ್ಮ ಪರ ಆದರೆ ಅವರು 60 ದಿನದೊಳಗೆ ಉಪ ಕಾರ್ಮಿಕ ಆಯುಕ್ತರಿಗೆ ಮೇಲ್ಮನವಿ ಹಾಕಬಹುದು. ಆದರೆ ಹಣ ಮೊದಲು ಠೇವಣಿ ಇಡಬೇಕು. ಇದು ಕಾನೂನಿನ ದೊಡ್ಡ ಗುಣ. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಅಂದರೆ ಭೂಕಂದಾಯದ ಬಾಕಿ ವಸೂಲಿ ಮಾಡುವ ಹಾಗೆ ಜಿಲ್ಲಾಧಿಕಾರಿ ಮೂಲಕ ವಸೂಲಿ ಮಾಡಿಸಬಹುದು.

ತುಂಗಾ ದಡ
ಐದು ವಾರದ ನಂತರ, ಶನಿವಾರ, ರಾತ್ರಿ 8.05

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಸ್ವೀಕೃತಿ ಚೀಟಿ ವಾಪಸ್ ಬಂತು. ಹತ್ತು ದಿನಕ್ಕೆ ಫೌಂಡ್ರಿಯಿಂದ ಫೋನ್. 50,000 ಕೊಡುತ್ತೇವೆ, ಇಲ್ಲಿಗೆ ಮುಗಿಸಿ ಅಂದರು. ನಾನು ಮಾತಾಡುವ ಮೊದಲೇ ಅಪ್ಪಯ್ಯ ಫೋನ್ ತಗೊಂಡು, 'ಲೆಕ್ಕ ಕಾಗದದಲ್ಲಿದೆ, ಅಷ್ಟು ಕೊಡಿ' ಅಂದರು. ಅವರ ದನಿ ಗಟ್ಟಿಯಾಗಿತ್ತು. ಆಮೇಲೆ ಆ ಕಡೆಯಿಂದ ಸುದ್ದಿ ಇಲ್ಲ. ನಿನ್ನೆ ಶಿವಮೊಗ್ಗಕ್ಕೆ ಹೋಗಿ ಫಾರಂ ಎನ್ ಹಾಕಿ ಬಂದೆವು. ಈಎಸ್‌ಐ ಕಾರ್ಡ್ ನೋಡಿ ಅಲ್ಲಿನ ಸಿಬ್ಬಂದಿಯೊಬ್ಬರು ಇದನ್ನು ಲ್ಯಾಮಿನೇಶನ್ ಮಾಡಿಸಿಡಿ ಅಂದರು.

ಸಾಕ್ಷಿಗೆ ಅಂತ ಕೇಳಲು ಹೋದೆವಲ್ಲ, ಆ ಇಬ್ಬರಿಗೂ ಇದೇ ಕಥೆ ಆಗಿದೆಯಂತೆ. ಒಬ್ಬರದ್ದು 21 ವರ್ಷ, ಅದರಲ್ಲಿ 8ಕ್ಕೆ ಮಾತ್ರ ಕೊಟ್ಟಿದ್ದಾರೆ. ಇನ್ನೊಬ್ಬರು ತೀರಿಕೊಂಡಿದ್ದಾರೆ, ಅವರ ಹೆಂಡತಿ ಇದ್ದಾರೆ. ಇಬ್ಬರೂ ನಮ್ಮ ಜೊತೆ ಬರುತ್ತೇವೆ ಅಂದಿದ್ದಾರೆ. ಎಲ್ಲರದ್ದೂ ಒಂದೇ ಅರ್ಜಿ ಸಾಕಾ ಅಣ್ಣಾ?

ಮಂಡಗದ್ದೆ
ಶನಿವಾರ, ರಾತ್ರಿ 8.40

ಬೇರೆ ಬೇರೆ ಹಾಕಿ. ಪ್ರತಿಯೊಬ್ಬರ ದಿನಾಂಕ ಬೇರೆ, ವೇತನ ಬೇರೆ. ತೀರಿಕೊಂಡವರ ಹೆಂಡತಿ ನಾಮಿನಿಯಾಗಿದ್ದರೆ ಫಾರಂ ಜೆ, ನಾಮಿನೇಶನ್ ಇಲ್ಲದಿದ್ದರೆ ವಾರಸುದಾರರಾಗಿ ಫಾರಂ ಕೆ. ಮರಣ ಪ್ರಮಾಣಪತ್ರದ ನಕಲು ಬೇಕು. ಅವರು ಕೆಲಸದಲ್ಲಿದ್ದಾಗಲೇ ತೀರಿಕೊಂಡರಾ, ಬಿಟ್ಟ ಮೇಲಾ ಅಂತ ಕೇಳಿ ತಿಳಿಸಿ. ಕೆಲಸದಲ್ಲಿದ್ದಾಗಲೇ ಆದರೆ 5 ವರ್ಷದ ನಿಯಮವೂ ಇಲ್ಲ. ಸೋಮವಾರ ನಾನು ಶಿವಮೊಗ್ಗದಲ್ಲೇ ಇರುತ್ತೇನೆ. ಕಾಗದ ತಗೊಂಡು ಬನ್ನಿ, ಕೂತು ಬರೆಯೋಣ.